ಪುಟದ ಅಡಿಯಲ್ಲಿ ಒಬ್ಬ ಮುದುಕಿ

"ಈ ಮುದುಕಿಗೆ ಹೆಸರಿಲ್ವಾ?"

ಶಾಲೆ ಬಿಟ್ಟು ಮಕ್ಕಳೆಲ್ಲ ಮನೆ ಸೇರಿಯಾಗಿತ್ತು. ಬಂಟ್ವಾಳದ ಆ ಶಾಲೆಯ ಜಗಲಿಯಲ್ಲಿ ನಿಂತಿದ್ದ ಯುವಕ, ಪ್ರಶ್ನೆ ಬೇರೆ ಯಾರಿಗೋ ಇರಬೇಕೆಂದು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ನಿಮ್ಮನ್ನೇ ಕೇಳಿದ್ದು. ಅಬ್ದುಲ್ ಶುಕೂರ್ ಅಂದ್ರೆ ನೀವೇ ಅಲ್ವಾ?"

ಎದುರಿಗೆ ನಿಂತವಳು ನಬೀಸಾ. ಅದೇ ಶಾಲೆಯ ಟೀಚರ್. ಸೀರೆಯ ಸೆರಗು ತಲೆಯ ಮೇಲೆ ಬಿಗಿಯಾಗಿ ಕುಳಿತಿತ್ತು. ಕಣ್ಣುಗಳಲ್ಲಿ ಮಾತ್ರ ಬೆಂಕಿ! ಅವಳ ಕೈಯಲ್ಲಿ ಒಂದು ಸಂಶೋಧನಾ ಪತ್ರಿಕೆ ಇತ್ತು. ಹೆಡ್‌ಮಾಸ್ಟರ್ ತುಕ್ರಪ್ಪನವರು, "ನನ್ನ ಹಳೆಯ ಶಿಷ್ಯ ಬರೆದದ್ದು, ನಿಮ್ಮ ಬ್ಯಾರಿ ಮದುವೆ ಹಾಡುಗಳ ಬಗ್ಗೆ, ಓದಿ ನೋಡು" ಎಂದು ಹೆಮ್ಮೆಯಿಂದ ಕೊಟ್ಟಿದ್ದರು. ಆ ಶಿಷ್ಯ ಈಗ ಮೂಡಬಿದ್ರೆಯ ಹೊಸ ಕಾಲೇಜಿನಲ್ಲಿ ಲೆಕ್ಚರರ್. ಇವತ್ತು ಗುರುಗಳನ್ನು ಕಾಣಲು ಬಂದಿದ್ದ.

ನಬೀಸಾ ಪತ್ರಿಕೆಯನ್ನು ಬಿಡಿಸಿ ಅವನ ಮುಖದ ಹತ್ತಿರ ಹಿಡಿದಳು.

"ನಾನೇ ಓದ್ತೇನೆ, ಕೇಳಿ. ಒಂದನೇ ಅಡಿಟಿಪ್ಪಣಿ... ಯಾರೋ ಇಂಗ್ಲಿಷ್ ದೊರೆ ಬರೆದ ಪುಸ್ತಕ. ಹೆಸರುಂಟು, ಲಂಡನ್ ಉಂಟು, ವರ್ಷ ಉಂಟು, ಪುಟವೂ ಉಂಟು. ಎರಡನೆಯದು ಮದ್ರಾಸಿನ ಗ್ಯಾಸೆಟಿಯರ್. ಅದಕ್ಕೂ ಎಲ್ಲ ಉಂಟು. ಮೂರನೆಯದು... 'ಬಂಟ್ವಾಳದ ಒಬ್ಬ ಮುದುಕಿ ಹೇಳಿದ್ದು'. ಅಷ್ಟೇ! ಆ ದೊರೆ ನಮ್ಮ ಮದುವೆ ಮನೆಯ ಅಂಗಳವನ್ನೂ ಮೆಟ್ಟಿರ್ಲಿಕ್ಕಿಲ್ಲ. ಇಡೀ ಹಾಡು ಕೊಟ್ಟವಳು ಮಾತ್ರ ಒಬ್ಬ ಮುದುಕಿ?"

ಶುಕೂರನ ಮುಖ ಬಣ್ಣಗೆಟ್ಟಿತು.

"ನಿಮಗೆ ಅವರು..."

"ಅಜ್ಜಿ. ನನ್ನ ಬಾಪನ ತಾಯಿ. ನಾನು ಶಾಲೆಯಲ್ಲಿದ್ದಾಗ ನೀವು ನಮ್ಮ ಮನೆಗೆ ಬಂದು ಬರ್ಕೊಂಡು ಹೋದದ್ದು ಅವರ ಹಾಡನ್ನೇ. ಹೆಸರು ಪಾತುಮ್ಮ. ಬರ್ಕೊಳ್ಳಿ!"

ಅವನ ತುಟಿ ಏನನ್ನೋ ಹೇಳಲು ತೆರೆಯಿತು. ಮತ್ತೆ ಮುಚ್ಚಿತು. ಬಾಯಿಗೆ ಬಂದ ಮಾತನ್ನು ಅವನು ಕಷ್ಟಪಟ್ಟು ನುಂಗಿದ್ದನ್ನು ನಬೀಸಾ ಗಮನಿಸಲಿಲ್ಲ. ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

"ಅದು ಕ್ರಮ, ಟೀಚರ್" ಎಂದ ಅವನು, ಸ್ವರವನ್ನು ಗಟ್ಟಿ ಮಾಡಿಕೊಂಡು. "ಅಚ್ಚಾದ ಪುಸ್ತಕಕ್ಕೆ ಲೇಖಕ, ಕೃತಿ, ಊರು, ವರ್ಷ, ಪುಟ... ಹೀಗೆ ಬರೆಯುವ ಪದ್ಧತಿ ಉಂಟು. ಬಾಯಿಯಲ್ಲಿ ಹೇಳಿದ್ದಕ್ಕೆ ಅಂಥ ಪದ್ಧತಿ ಇಲ್ಲ. ಮೈಸೂರಿನ ನನ್ನ ಗೈಡ್ ಹೇಳಿಕೊಟ್ಟದ್ದು ಇದೇ."

"ಇಲ್ಲದಿದ್ರೆ ಮಾಡ್ಬೇಕು!"

"ಸಂಶೋಧನೆ ಅಂದ್ರೆ ಒಂದನೇ ಕ್ಲಾಸಿನ ಮಗ್ಗಿ ಅಲ್ಲ."

ಆ ಮಾತು ಅವನ ಬಾಯಿಂದ ಹಾರಿದ್ದೇ ತಡ, ಅವನಿಗೇ ಛೆ ಎನಿಸಿತು. ಆದರೆ ತಡವಾಗಿತ್ತು.

"ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಮೊದಲು ಕಲಿಸುವುದೇ ಹೆಸರು ಬರೀಲಿಕ್ಕೆ" ಎಂದಳು ನಬೀಸಾ ತಣ್ಣಗೆ. "ನಿಮಗೆ ಅದೂ ಬರುವುದಿಲ್ಲ."

ಪತ್ರಿಕೆಯನ್ನು ಜಗಲಿಯ ದಂಡೆಯ ಮೇಲೆ ಇಟ್ಟು ಅವಳು ಮೆಟ್ಟಿಲಿಳಿದು ಹೋದಳು. ಒಳಗಿನಿಂದ ಬಂದ ತುಕ್ರಪ್ಪ ಮಾಸ್ಟ್ರು ಶಿಷ್ಯನ ಮುಖ ನೋಡಿ, "ಎಂತದು ಮಾರಾಯ, ಜ್ವರ ಬಂದವನ ಹಾಗೆ ಇದ್ದಿ?" ಎಂದು ಕೇಳಿದರು.

ಅವನು ಇನ್ನೂ ಗೇಟಿನ ಕಡೆಗೇ ನೋಡುತ್ತಿದ್ದ.

ನಬೀಸಾಳ ಬಾಪ ಹನೀಫಾ ಬಂಟ್ವಾಳ ಪೇಟೆಯಲ್ಲಿ ಹಳೆಯ ಗೋಣಿಚೀಲದ ವ್ಯಾಪಾರಿ. ಮನೆ ಅಂಗಡಿಯ ಹಿಂದೆಯೇ. ಆ ಮನೆಯ ಒಳಕೋಣೆಯಲ್ಲಿ ಪಾತುಮ್ಮನ ರಾಜ್ಯ. ಬಿಳಿ ಕುಪ್ಪಾಯ ತೊಟ್ಟು, ವೀಳ್ಯದ ತಟ್ಟೆಯ ಮುಂದೆ ಕುಳಿತರೆ ಸುತ್ತಲಿನ ಮನೆಗಳ ಹೆಂಗಸರೆಲ್ಲ ಬಂದು ಸೇರುತ್ತಿದ್ದರು. ಮದರಂಗಿಯ ಹಾಡು, ಮದುಮಗಳು ದೋಣಿ ಏರುವ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು... ಪಾತುಮ್ಮ ಶುರು ಮಾಡದೆ ಆ ಕಡೆಯ ಯಾವ ಮದುವೆಯಲ್ಲೂ ಹೆಂಗಸರು ಕೈ ತಟ್ಟುತ್ತಿರಲಿಲ್ಲ.

ಆ ದಿನ ಮನೆಗೆ ಬಂದ ನಬೀಸಾ ಅಜ್ಜಿಯ ಮುಖ ನೋಡಿದಳು. ಹೇಳಬೇಕೆನಿಸಿತು. ಆದರೆ, 'ನಿನ್ನನ್ನು ಒಬ್ಬ ಮುದುಕಿ ಅಂತ ಅಚ್ಚು ಹಾಕಿದ್ದಾರೆ ಅಜ್ಜಿ' ಎಂದು ಹೇಗೆ ಹೇಳುವುದು? ಬೇಡ... ನೊಂದುಕೊಂಡಾಳು. ನಾನೇ ಇದಕ್ಕೆ ಒಂದು ಗತಿ ಕಾಣಿಸುತ್ತೇನೆ!

ಮರುವಾರ ಮನೆಗೆ ಇಬ್ಬರು ಹೆಂಗಸರು ಬಂದರು. ಬೆಳ್ತಂಗಡಿಯ ಲಾಯಿಲದಿಂದ. ಒಬ್ಬರ ಹೆಸರು ಆಯಿಶಮ್ಮ. ಗಂಡ ತೀರಿಹೋದ ಮೇಲೆ ಬೀಡಿ ಕಟ್ಟಿ ಮಗನನ್ನು ಎಂ.ಎ. ತನಕ ಓದಿಸಿದ ಗಟ್ಟಿ ಹೆಂಗಸು. ಜೊತೆಗಿದ್ದದ್ದು ಅವರ ನಾದಿನಿ.

ಚಾ ಕುಡಿದು ಲೋಟ ಕೆಳಗಿಟ್ಟು ಆಯಿಶಮ್ಮ ನೇರವಾಗಿ ವಿಷಯಕ್ಕೆ ಬಂದರು.

"ನನ್ನ ಮಗ ಒಂದು ವಾರದಿಂದ ನಿಮ್ಮ ಹುಡುಗಿಯನ್ನು ಬೈತಾ ಇದ್ದಾನೆ. ಊಟ ಮಾಡುವಾಗ ಬೈತಾನೆ, ಅಂಗಿ ಹಾಕುವಾಗ ಬೈತಾನೆ. ಅವನು ಯಾವ ಹುಡುಗಿಯನ್ನೂ ಇಷ್ಟು ನೆನಪಿಟ್ಟವನಲ್ಲ. ಹಾಗೆ... ಹುಡುಗಿಯನ್ನು ಕೇಳುವ ಅಂತ ಬಂದೆ."

ನಬೀಸಾಳ ತಾಯಿ ಸೆರಗಿನಲ್ಲಿ ನಗು ಅಡಗಿಸಿದಳು. "ಮಗ ಯಾರು?"

"ಶುಕೂರ್. ಮೂಡಬಿದ್ರೆ ಕಾಲೇಜಿನಲ್ಲಿ..."

ಬಾಗಿಲ ಮರೆಯಲ್ಲಿದ್ದ ನಬೀಸಾ ತಡೆಯಲಾರದೆ ಹೊರಗೆ ಬಂದಳು.

"ನನಗೆ ಬೇಡ!"

"ನಬೀಸಾ!" ಉಮ್ಮ ಗದರಿದಳು.

"ಬೇಡ ಉಮ್ಮ. ನಮ್ಮ ಜಗಲಿಯಲ್ಲಿ ಕೂತು ಹಾಡು ತಕೊಂಡು ಹೋಗಿ, ಹಾಡಿದವರ ಹೆಸರು ನುಂಗಿದವನು ಅವನು. ಅಂಥವನ ಮನೆಗೆ ನಾನು ಹೋಗುವುದಿಲ್ಲ. ತಾಯಿಯಾದವರು ಮಗನಿಗೆ ಎಂ.ಎ. ಓದಿಸುವ ಮೊದಲು ಸ್ವಲ್ಪ ಮರ್ಯಾದೆ ಕಲಿಸ್ಬೇಕಿತ್ತು."

ನಾದಿನಿ ಚಾದ ಲೋಟವನ್ನು ದೂರ ಸರಿಸಿದಳು.

ಆಯಿಶಮ್ಮ ನಿಧಾನವಾಗಿ ಎದ್ದರು. ಬೀಡಿ ಎಲೆ ಕತ್ತರಿಸಿ ಒರಟಾದ ಬೆರಳುಗಳಿಂದ ಸೆರಗು ಸರಿಪಡಿಸಿಕೊಂಡರು.

"ಕಲಿಸಿದ್ದೇನೆ ಮಗಳೇ" ಎಂದರು. "ದೊಡ್ಡವರ ಹತ್ತಿರ ಹೇಗೆ ಮಾತಾಡ್ಬೇಕು ಅಂತ ಕಲಿಸಿದ್ದೇನೆ. ನಿನಗೆ ಯಾರೂ ಕಲಿಸ್ಲಿಲ್ಲ ಅಂತ ಕಾಣ್ತದೆ."

ಅವರು ಹೊರಟುಹೋದರು. ನಬೀಸಾಳ ಎದೆ ಒಮ್ಮೆ ಚುರ್ ಎಂದಿತು. ಆದರೆ ಅಹಂಕಾರ ಅದನ್ನು ಅಲ್ಲೇ ಒತ್ತಿ ಮುಚ್ಚಿತು. 'ಹೇಳಿದ್ದರಲ್ಲಿ ತಪ್ಪೇನಿದೆ? ಇಲ್ಲ... ತಪ್ಪೇನಿಲ್ಲ!'

ಅವಳು ಅಲ್ಲಿಗೇ ಬಿಡಲಿಲ್ಲ. ಪತ್ರಿಕೆಯ ಸಂಪಾದಕರಿಗೆ ಬರೆದಳು. 'ಮೂಲದ ಹೆಸರು ಮುಚ್ಚಿಟ್ಟ ಲೇಖನವನ್ನು ನಂಬುವುದು ಹೇಗೆ? ನಾಳೆ ಯಾರು ಬೇಕಾದರೂ ತಾವೇ ಒಂದು ಹಾಡು ಹೊಸೆದು, ಒಬ್ಬ ಮುದುಕಿ ಹೇಳಿದ್ದು ಎನ್ನಬಹುದಲ್ಲ?' ಮುಂದಿನ ಸಂಚಿಕೆಯಲ್ಲಿ ಅದು ಪೂರ್ತಿ ಅಚ್ಚಾಯಿತು. ಕೊನೆಯಲ್ಲಿ ಅವಳ ಹೆಸರು, ಊರು. ನಬೀಸಾ, ಬಂಟ್ವಾಳ.

ತುಕ್ರಪ್ಪ ಮಾಸ್ಟ್ರು ಆ ಸಂಚಿಕೆಯನ್ನು ಹಿಡಿದುಕೊಂಡೇ ಅವಳ ಕ್ಲಾಸಿಗೆ ಬಂದರು. ಯಾವತ್ತೂ ನಗುವ ಮುಖ ಇವತ್ತು ಬಾಡಿತ್ತು.

"ಬರೆದದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ, ನಬೀಸಾ. ಆದ್ರೆ ಆದದ್ದು ಕೇಳು. ಅವನ ಗೈಡ್ ಪಿಎಚ್.ಡಿ. ಪ್ರಬಂಧವನ್ನೇ ನಿಲ್ಲಿಸಿದ್ದಾರೆ. ಒಂದೊಂದು ಹಾಡಿಗೂ ಮೂಲ ತೋರಿಸ್ಬೇಕು, ಇಲ್ಲದಿದ್ರೆ ಎಲ್ಲ ನೀನೇ ಕಟ್ಟಿದ್ದು ಅಂತ ತಿಳೀತೇನೆ ಅಂದಿದ್ದಾರಂತೆ. ಪ್ರಬಂಧ ಹೋದ್ರೆ ಕಾಲೇಜಿನ ಕೆಲಸವೂ ಹೋಗ್ತದೆ."

"ಅವರು ಎಂತ ಹೇಳಿದ್ರು?"

"ಶುಕೂರನಾ? ಏನೂ ಹೇಳ್ಲಿಲ್ಲ. ಅದೇ ನನಗೆ ಅರ್ಥ ಆಗದ್ದು. ಒಂದು ಉತ್ತರ ಬರಿ ಮಾರಾಯ ಅಂದೆ. ಬೇಡ ಮಾಸ್ಟ್ರೇ, ಅವರು ಬರೆದದ್ದು ಸರಿ ಅಂದ."

ಗೆದ್ದೆ ಎಂದು ಖುಷಿಯಾಗಬೇಕಿತ್ತು ನಬೀಸಾಳಿಗೆ. ಆಗಲಿಲ್ಲ. ಜಗಳಗಂಟರು ಎದುರು ಮಾತಾಡದಿದ್ದರೆ ಇಷ್ಟು ಸಂಕಟವಾಗುತ್ತದೆಯೇ?

ಸಂಜೆ ಮನೆಗೆ ಬಂದಾಗ ಬಾಪ ಅಂಗಳದಲ್ಲೇ ಕಾಯುತ್ತಿದ್ದ. ಅಂಗಡಿಗೆ ಬಂದ ಯಾರೋ ಅವನಿಗೂ ಪತ್ರಿಕೆ ತೋರಿಸಿದ್ದರು.

"ಇದೆಂತ ಇದು? ಮಗಳ ಹೆಸರು, ಊರು, ಎಲ್ಲ ಅಚ್ಚಿನಲ್ಲಿ! ಪೇಟೆಯವರೆಲ್ಲ ಓದ್ಲಿಕ್ಕಾ?"

"ಬಾಪ, ಅಜ್ಜಿಯ ಹೆಸರಿಗೆ ಅನ್ಯಾಯ ಆಯ್ತು. ಅದಕ್ಕೆ..."

"ಅನ್ಯಾಯ ಯಾರು ಮಾಡಿದ್ದು? ಆ ಹುಡುಗನಾ? ನಾನು! ನಾನೇ ಅವನಿಗೆ ಹೇಳಿದ್ದು! ಹಾಡು ಬೇಕಾದ್ರೆ ಬರ್ಕೊ, ನನ್ನ ಮನೆಯ ಹೆಂಗಸರ ಹೆಸರು ಮಾತ್ರ ಕಾಗದದಲ್ಲಿ ಬರ್ಬಾರ್ದು ಅಂತ ಮಾತು ತಕೊಂಡದ್ದು ನಾನು. ಅವನು ಎಷ್ಟು ಬೇಡಿದ, ಗೊತ್ತುಂಟಾ? ನಾನು ಒಪ್ಲಿಲ್ಲ. ಹೊರಗಿನವನು ಕೊಟ್ಟ ಮಾತು ಉಳಿಸಿದ. ನನ್ನ ಮಗಳೇ ಮರ್ಯಾದೆ ಕಳೆದಳು!"

ನಬೀಸಾ ಜಗಲಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಶಾಲೆಯ ಜಗಲಿಯಲ್ಲಿ ತೆರೆದು ಮುಚ್ಚಿದ ಆ ತುಟಿಗಳು... ಅಂದು ಅವನು ನುಂಗಿದ ಮಾತು ಇದಾಗಿತ್ತೇ? 'ಯಾ ಅಲ್ಲಾಹ್... ನಾನು ಎಂತ ಮಾಡಿಬಿಟ್ಟೆ!'

"ಯಾಕೆ ಬಾಪ? ಅಜ್ಜಿ ಹಾಡುವುದು ಊರಿಗೇ ಗೊತ್ತುಂಟಲ್ಲ?"

ಹನೀಫಾನ ಸ್ವರ ಕುಗ್ಗಿತು. "ನಾನು ಸಣ್ಣವನಿರುವಾಗ ಪೇಟೆಯಲ್ಲಿ 'ಹಾಡುವವಳ ಮಗ' ಅಂತ ಗೇಲಿ ಮಾಡ್ತಿದ್ರು. ಅದಕ್ಕಾಗಿ ಹೊಡೆದಾಡಿದ್ದೇನೆ. ಮತ್ತೆ ಅದು ಬೇಡ ಅಂತ..."

"ಹನೀಫಾ."

ಬಾಗಿಲಲ್ಲಿ ಪಾತುಮ್ಮ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನನ್ನ ಹೆಸರು ಹಾಕ್ಬೇಡ ಅಂದವನು ನೀನು. ಹಾಕ್ಬೇಕು ಅಂತ ಊರೆಲ್ಲ ಜಗಳ ಮಾಡಿದವಳು ಇವಳು. ಹಾಕದೆ ಬಿಟ್ಟವನು ಆ ಹುಡುಗ. ಹೆಸರು ಮಾತ್ರ ನನ್ನದು! ನಾನು ಇಲ್ಲೇ ಒಳಗೆ ಕೂತಿದ್ದೆ. ಒಬ್ಬರಾದ್ರೂ ಬಂದು, ಪಾತುಮ್ಮ, ನಿನಗೆ ಎಂತ ಬೇಕು ಅಂತ ಕೇಳಿದ್ದೀರಾ?"

ಇಬ್ಬರೂ ತಲೆ ತಗ್ಗಿಸಿದರು. ಅಜ್ಜಿಯ ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. ಬರೀ ಸಿಟ್ಟು!

"ಆ ಹುಡುಗ ಎಲ್ಲಿದ್ದಾನೆ? ನಾಳೆ ಶನಿವಾರ. ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗು."

ಸಿದ್ಧಕಟ್ಟೆಯ ದಾರಿಯಾಗಿ ಮೂಡಬಿದ್ರೆಗೆ ಹೋಗುವ ಬಸ್ಸಿನಲ್ಲಿ ಪಾತುಮ್ಮ ಮೊಮ್ಮಗಳ ಪಕ್ಕದಲ್ಲಿ ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಕಾಲೇಜು ತಲುಪಿದಾಗ ಮಧ್ಯಾಹ್ನ. ಶನಿವಾರವಾದ್ದರಿಂದ ಹುಡುಗರು ಹೋಗಿಯಾಗಿತ್ತು. ಮೂಲೆಯ ಒಂದು ಕೋಣೆಯಲ್ಲಿ ಶುಕೂರ್ ಒಬ್ಬನೇ ಕುಳಿತಿದ್ದ. ಮೇಜಿನ ತುಂಬ ಪೋಸ್ಟ್ ಕಾರ್ಡಿನಷ್ಟು ಅಗಲಕ್ಕೆ ಕತ್ತರಿಸಿದ ದಪ್ಪ ಕಾಗದದ ಚೀಟಿಗಳು. ಓದಿದ ಒಂದೊಂದು ಪುಸ್ತಕಕ್ಕೆ, ಬರೆದುಕೊಂಡ ಒಂದೊಂದು ಹಾಡಿಗೆ ಒಂದೊಂದು ಚೀಟಿ. ಅವುಗಳನ್ನು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಅಕ್ಷರಕ್ರಮದಲ್ಲಿ ಜೋಡಿಸಿಟ್ಟಿದ್ದ. ಗಡ್ಡ ಬೆಳೆದಿತ್ತು. ಕಣ್ಣು ಒಳಗೆ ಹೋಗಿತ್ತು.

ನಬೀಸಾಳನ್ನು ಕಂಡು ಅವನ ಮುಖ ಬಿಗಿಯಿತು.

"ಇನ್ನೇನು ಉಳಿದಿದೆ ಟೀಚರ್? ಡಬ್ಬಿಯನ್ನು ಗುರುಪುರ ಹೊಳೆಗೆ ಎಸೆಯುವುದೊಂದೇ ಬಾಕಿ. ನಿಮ್ಮ ಕೈಯಲ್ಲೇ ಕೊಡ್ಲಾ?"

"ನನ್ನನ್ನು ಮುದುಕಿ ಅಂತ ಬರೆದವನು ನೀನಾ?"

ಶುಕೂರ್ ಥಟ್ಟನೆ ಎದ್ದು ನಿಂತ. ಆ ಸ್ವರ! ಅಂದು ಹನೀಫಾನ ಜಗಲಿಯಲ್ಲಿ ಕುಳಿತಿದ್ದಾಗ ಪರದೆಯ ಆಚೆಯಿಂದ ಕೇಳಿದ್ದು ಇದೇ ಸ್ವರ. ಮುಖವನ್ನು ಅವನು ನೋಡಿಯೇ ಇರಲಿಲ್ಲ.

"ಹೌದು... ನಾನೇ."

"ಮುದುಕಿ ಹೌದು, ಸುಳ್ಳಲ್ಲ. ಆದ್ರೆ ಒಬ್ಬ ಮುದುಕಿಯಾ? ಪೇಟೆಯಲ್ಲಿ ದಾರಿ ಕೇಳಿದಾಗ ಸಿಕ್ಕಿದವಳ ಹಾಗೆ?"

"ತಪ್ಪಾಯ್ತು. ತಿದ್ದುತ್ತೇನೆ. ಅಡಿಟಿಪ್ಪಣಿಯಲ್ಲಿ ನಿಮ್ಮ ಪೂರ್ತಿ ಹೆಸರು..."

"ಎಲ್ಲಿ?"

"ಪುಟದ ಅಡಿಯಲ್ಲಿ. ಗೆರೆ ಎಳೆದು, ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ."

"ಅಡಿಯಲ್ಲಿ ಯಾಕೆ?" ಪಾತುಮ್ಮ ಸಿಡಿದಳು. "ನಾನೇನು ಕಾಲು ಒರಸುವ ಗೋಣಿಯಾ? ಹಾಡು ಮೇಲೆ, ಹಾಡಿದವಳು ಕೆಳಗಾ?"

"ಹಾಗಾದ್ರೆ ಪುಸ್ತಕದ ಕೊನೆಯಲ್ಲಿ ಎಲ್ಲರದ್ದೂ ಒಂದು ಪಟ್ಟಿ ಮಾಡ್ಬಹುದು. ಕೆಲವರು ಹಾಗೂ ಮಾಡ್ತಾರೆ."

"ಕೊನೆಯಲ್ಲಾ? ಬಿರಿಯಾನಿ ಮುಗಿದ ಮೇಲೆ ಬಂದವರನ್ನು ಕೂರಿಸಿದ ಹಾಗೆ?"

ನಬೀಸಾಳಿಗೆ ನಗು ತಡೆಯಲಾಗಲಿಲ್ಲ. ಶುಕೂರ್ ಅವಳನ್ನು ದುರುಗುಟ್ಟಿ ನೋಡಿದ. ಅವಳು ನಗು ನುಂಗಿದಳು.

"ಹಾಡಿನ ತಲೆಯ ಮೇಲೆ ಹಾಕು" ಎಂದಳು ಪಾತುಮ್ಮ. "ಮೊದಲು ಪಾತುಮ್ಮ, ಆಮೇಲೆ ಹಾಡು. ದೊಡ್ಡ ಅಕ್ಷರದಲ್ಲಿ."

"ಅಂಥ ಕ್ರಮ ಯಾವ ಪುಸ್ತಕದಲ್ಲೂ ಇಲ್ಲ. ಗೈಡ್ ಒಪ್ಪುವುದಿಲ್ಲ. ಮತ್ತೆ... ಹನೀಫಾ ಕಾಕರಿಗೆ ನಾನು ಮಾತು ಕೊಟ್ಟಿದ್ದೇನೆ."

"ಹನೀಫಾನಿಗೆ ಹೆಸರಿಟ್ಟವಳು ನಾನು. ನನ್ನ ಹೆಸರು ಅವನ ಅಂಗಡಿಯ ಮಾಲಲ್ಲ. ಆ ಮಾತು ನಾನು ವಾಪಸ್ ತಕೊಂಡಿದ್ದೇನೆ." ಪಾತುಮ್ಮ ಬೆಂಚಿನ ಮೇಲೆ ಕುಳಿತಳು. "ಈಗ ನೀರು ಕೊಡು."

ಶುಕೂರ್ ಹೂಜಿಯ ಕಡೆಗೆ ಹೋದ. ನಬೀಸಾ ಹಿಂದೆಯೇ ಹೋದಳು.

"ಬಾಪ ಹೇಳಿದ್ದು ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ಮಗಳ ಎದುರಿಗೆ ತಂದೆಯನ್ನು ದೂರಿ ನಾನು ಒಳ್ಳೆಯವನಾಗುವುದು ಬೇಡ ಅಂತ ಕಂಡಿತು."

"ಅದಕ್ಕೆ ನಾನು ನಿಮ್ಮ ಪ್ರಬಂಧವನ್ನೇ ಮುಳುಗಿಸುವ ತನಕ ಸುಮ್ಮನೆ ಕೂತಿರಾ?"

"ನೀವು ಬರೆದದ್ದು ಸರಿ ಇತ್ತು. ಸರಿ ಇದ್ದದ್ದಕ್ಕೆ ಎಂತ ಉತ್ತರ ಕೊಡುವುದು?"

ನಬೀಸಾಳ ಕಣ್ಣು ತುಂಬಿ ಬಂತು. ಆದರೆ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಹೆಸರು ಬೇಡ ಅಂದದ್ದು ಬಾಪ. ಮುದುಕಿ ಅಂತ ಬರಿ ಅಂದದ್ದೂ ಬಾಪನಾ?"

ಅವನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ.

"ಇಲ್ಲ" ಎಂದ. "ಅದು ನನ್ನದೇ. ಹೆಸರಿಲ್ಲದೆಯೂ ಗೌರವದಿಂದ ಬರೀಬಹುದಿತ್ತು. ನಾನು ಯೋಚನೆಯೇ ಮಾಡ್ಲಿಲ್ಲ."

ಮೊದಲ ಬಾರಿಗೆ ಅವಳು ಅವನನ್ನು ನೆಟ್ಟಗೆ ನೋಡಿದಳು. ನೆಪ ಹೇಳದೆ ತಪ್ಪು ಒಪ್ಪಿಕೊಂಡ ಗಂಡಸನ್ನು ಅವಳು ಈ ಮೊದಲು ನೋಡಿರಲಿಲ್ಲ.

"ಉಳಿದ ಹಾಡುಗಳು? ಆ ಹೆಂಗಸರನ್ನಾದ್ರೂ ಕೇಳಿದ್ದೀರಾ?"

"ಎಲ್ಲ ಮನೆಯಲ್ಲೂ ಗಂಡಸರನ್ನೇ ಕೇಳಿದ್ದು. ಒಳಗೆ ಹೋಗ್ಲಿಕ್ಕೆ ನನಗೆ ಆಗುವುದಿಲ್ಲ ಅಲ್ವಾ..."

"ನಾನು ಕೇಳ್ತೇನೆ. ನಿಮಗೆ ಬೇಕಾಗಿ ಅಲ್ಲ, ಅವರಿಗೆ ಬೇಕಾಗಿ."

"ನನಗೆ ಬೇಕಾಗಿ ಅಂತ ನಾನೂ ತಿಳ್ಕೊಳ್ಳಲಿಲ್ಲ" ಎಂದ ಅವನು, ಅಷ್ಟೇ ಬಿಗಿಯಾಗಿ.

ಹೀಗೆ ಶುರುವಾಯಿತು ಆ ಕೆಲಸ. ಶಾಲೆಯ ರಜೆಯಲ್ಲಿ ನಬೀಸಾ ಅಜ್ಜಿಯನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದಳು. ಮನೆಯೊಳಗೆ ಹೋಗಿ ಕೇಳುತ್ತಿದ್ದಳು. ಒಬ್ಬಳು, "ನನ್ನ ಹೆಸರಾ? ಅಚ್ಚಿನಲ್ಲಾ?" ಎಂದು ಗಳಗಳನೆ ಅತ್ತಳು. ಇನ್ನೊಬ್ಬಳು ಬೇಡವೇ ಬೇಡ ಎಂದಳು. ವಿಟ್ಲದ ಒಬ್ಬಾಕೆ, ಹೆಸರು ಹಾಕು, ಆದರೆ ಊರು ಹಾಕಬೇಡ, ಗಂಡನ ಮನೆಯವರಿಗೆ ಗೊತ್ತಾಗುತ್ತದೆ ಎಂದು ಪಿಸುಗುಟ್ಟಿದಳು.

ತುಕ್ರಪ್ಪ ಮಾಸ್ಟ್ರ ಮನೆಯ ಜಗಲಿಯಲ್ಲಿ ಲೆಕ್ಚರರೂ ಟೀಚರೂ ಚೀಟಿಗಳ ಮುಂದೆ ಎದುರುಬದುರು ಕೂರುತ್ತಿದ್ದರು. ಮಾಸ್ಟ್ರ ಹೆಂಡತಿ ಸರಸಕ್ಕ ಅಲ್ಲೇ ಅಕ್ಕಿ ಆರಿಸುತ್ತಿದ್ದರು. ಜಗಳ ಇಲ್ಲದ ದಿನವಿರಲಿಲ್ಲ!

"ಹಾಡಿನ ಮೊದಲ ಸಾಲಿನ ಅಕ್ಷರಕ್ರಮದಲ್ಲಿ ಜೋಡಿಸ್ಬೇಕು" ಎನ್ನುತ್ತಿದ್ದ ಅವನು.

"ಹಾಡಿದವರ ಹೆಸರಿನ ಕ್ರಮದಲ್ಲಿ!" ಎನ್ನುತ್ತಿದ್ದಳು ಅವಳು.

"ಪಾತುಮ್ಮ ಅಂತ ನಾಲ್ಕು ಜನ ಇದ್ದಾರೆ. ಹೇಗೆ ಗುರುತು ಹಿಡಿಯುವುದು? ದೊರೆಗಳ ಹಾಗೆ ನಮಗೆ ಮನೆತನದ ಹೆಸರು ಹಿಂದೆ ಬರುವುದಿಲ್ಲ."

"ಗಂಡನ ಹೆಸರು ಹಾಕಿ ಅಂತ ಮಾತ್ರ ಹೇಳ್ಬೇಡಿ."

"ನಾನು ಹೇಳ್ಲಿಲ್ಲ! ಹೇಳದ್ದಕ್ಕೂ ಬೈತೀರಲ್ಲ?"

"ಹುಟ್ಟಿದ ಮನೆಯ ಹೆಸರು ಹಾಕುವ. ಹಾಡು ಕಲಿತದ್ದು ಅಲ್ಲಿ."

ಅವನು ವಾದಿಸಲು ಬಾಯಿ ತೆರೆದ. ಯೋಚಿಸಿದ. ಮತ್ತೆ ಚೀಟಿಗಳನ್ನೆಲ್ಲ ಡಬ್ಬಿಯಿಂದ ಹೊರಗೆ ಸುರಿದು ಮೊದಲಿನಿಂದ ಜೋಡಿಸತೊಡಗಿದ. ಅವನ ಬಗ್ಗಿದ ತಲೆಯನ್ನು ನೋಡುತ್ತ ನಬೀಸಾಳ ಎದೆಯಲ್ಲಿ ಏನೋ ಸಡಿಲವಾಯಿತು. 'ಇದೇನು... ನನಗೇಕೆ ಹೀಗಾಗುತ್ತಿದೆ? ಜಗಳದಲ್ಲಿ ನಾನೇ ತಾನೆ ಗೆದ್ದದ್ದು?'

"ಇವರಿಬ್ಬರ ಜಗಳ ಕೇಳ್ತಾ ಕೂತ್ರೆ ನನ್ನ ಅಕ್ಕಿಯ ಕಲ್ಲು ತಪ್ಪಿಹೋಗ್ತದೆ" ಎಂದು ಸರಸಕ್ಕ ಒಳಗೆ ಹೋಗಿ ಗಂಡನ ಹತ್ತಿರ ನಕ್ಕರು.

ಹನೀಫಾ ಮಾತ್ರ ತಾಯಿಯ ಹತ್ತಿರವೂ ಮಗಳ ಹತ್ತಿರವೂ ಮಾತು ಬಿಟ್ಟಿದ್ದ. ಒಂದು ದಿನ ಊಟಕ್ಕೆ ಕುಳಿತಾಗ, ತಟ್ಟೆಯಿಂದ ತಲೆ ಎತ್ತದೆ ಕೇಳಿದ. "ಉಮ್ಮನ ಹೆಸರು... ಹೇಗೆ ಬರ್ತದೆ?"

"ಪುಟದ ಮೇಲೆ, ಬಾಪ. ದೊಡ್ಡ ಅಕ್ಷರದಲ್ಲಿ."

"ಹ್ಞೂಂ" ಎಂದ ಹನೀಫಾ. ಒಂದು ತುತ್ತು ನುಂಗಿ, "ಅಕ್ಷರ ತಪ್ಪದ ಹಾಗೆ ನೋಡು" ಎಂದ.

ಕೊನೆಗೆ ಒಂದೇ ಹಾಡು ಉಳಿಯಿತು. ಅರ್ಧ ಮಾತ್ರ ಸಿಕ್ಕಿದ ಮದರಂಗಿ ಹಾಡು. ಪಾತುಮ್ಮನಿಗೂ ಪೂರ್ತಿ ಗೊತ್ತಿರಲಿಲ್ಲ.

"ಅದನ್ನು ಪೂರ್ತಿ ಹಾಡ್ತಿದ್ದವಳು ಲಾಯಿಲದ ಆಯಿಶಮ್ಮ. ಮದುವೆಯೊಂದರಲ್ಲಿ ಕೇಳಿದ್ದೇನೆ" ಎಂದಳು ಅಜ್ಜಿ. "ಆ ಬೀಡಿ ಕಟ್ಟುವವಳು."

ನಬೀಸಾ ಬರೆಯುತ್ತಿದ್ದ ಚೀಟಿಯನ್ನು ಕೆಳಗಿಟ್ಟಳು. ಶುಕೂರನ ತಾಯಿ! ಹಾಡು ಹುಡುಕಿ ಊರೂರು ಅಲೆದ ಮಗನಿಗೆ ತನ್ನ ಮನೆಯಲ್ಲೇ ಹಾಡಿರುವುದು ಗೊತ್ತಿರಲಿಲ್ಲ. ತಾನು ನಾಲಿಗೆ ಹರಿಬಿಟ್ಟದ್ದು ಆ ತಾಯಿಯ ಎದುರಿಗೆ...

ಲಾಯಿಲದ ಮನೆಯಂಗಳದಲ್ಲಿ ಆಯಿಶಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ತನ್ನದೇ ಮನೆಯಾದರೂ, ಹೆಂಗಸರು ಮಾತಾಡಲೆಂದು ಶುಕೂರ್ ಗೇಟಿನ ಹೊರಗೇ ನಿಂತ. ಪಾತುಮ್ಮ ಜಗಲಿಯಲ್ಲಿ ಕುಳಿತಳು. ನಬೀಸಾ ಮಾತ್ರ ಅಂಗಳದ ನಡುವೆ ನಿಂತಳು, ಕಾಲು ಮುಂದೆ ಬರಲಿಲ್ಲ.

"ಏನು ಬೇಕು?" ಆಯಿಶಮ್ಮ ತಲೆ ಎತ್ತಲಿಲ್ಲ.

"ಒಂದು ಹಾಡು..."

"ನನ್ನ ಮಗನನ್ನು ಬೇಡ ಅಂದವಳಿಗೆ ನನ್ನ ಹಾಡು ಯಾಕೆ?"

"ಹಾಡು ಆಮೇಲೆ" ಎಂದಳು ನಬೀಸಾ. "ಅವತ್ತು ನಾನು ನಿಮಗೆ ಹೇಳಿದ್ದು ತಪ್ಪು. ಅವರ ಮೇಲಿನ ಸಿಟ್ಟನ್ನು ನಿಮ್ಮ ಮೇಲೆ ಹಾಕಿದೆ. ಅವರ ಬಗ್ಗೆ ಹೇಳಿದ್ದೂ ತಪ್ಪೇ. ನೀವು ಹಾಡದಿದ್ರೂ ಪರವಾಗಿಲ್ಲ. ಇದನ್ನು ಹೇಳದೆ ನನಗೆ ನಿದ್ದೆ ಬ‌ರ್ತಿರ್ಲಿಲ್ಲ."

ಆಯಿಶಮ್ಮನ ಕತ್ತರಿ ನಿಂತಿತು. ಅವರು ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಅವನು ನಿನ್ನನ್ನು ಬೈಯುವುದು ನಿಲ್ಲಿಸಿದ್ದಾನೆ, ಗೊತ್ತುಂಟಾ? ಈಗ ಬರೀ ಸುಮ್ಮನೆ ಕೂರ್ತಾನೆ. ಅದು ಇನ್ನೂ ಕಷ್ಟ." ಮೊರವನ್ನು ಪಕ್ಕಕ್ಕಿಟ್ಟರು. "ಬಾ, ಕೂತ್ಕೋ. ಹೆಸರು ಹಾಕುವಾಗ ಶುಕೂರನ ತಾಯಿ ಅಂತ ಹಾಕ್ಬೇಡ. ಆಯಿಶಮ್ಮ ಅಂತ ಹಾಕು."

ಅವರು ಹಾಡಿದರು. ಗಂಡ ಹೋದ ಮೇಲೆ ಅವರ ಬಾಯಲ್ಲಿ ಹಾಡು ಬಂದದ್ದು ಅದೇ ಮೊದಲು. ಗೇಟಿನ ಹೊರಗೆ ನಿಂತಿದ್ದ ಮಗ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ನಬೀಸಾ ಬರೆದುಕೊಳ್ಳುತ್ತಿದ್ದಳು. ಕಣ್ಣೀರು ಚೀಟಿಯ ಮೇಲೆ ಬೀಳದಂತೆ ಮತ್ತೆ ಮತ್ತೆ ಮುಖ ತಿರುಗಿಸುತ್ತಿದ್ದಳು.

ಮರಳುವಾಗ ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಬಂಟ್ವಾಳದ ಬಸ್ಸು ಬಂದಿರಲಿಲ್ಲ. ಪಾತುಮ್ಮ ಬೆಂಚಿನ ಮೇಲೆ ಕುಳಿತು ಕಣ್ಣು ಮುಚ್ಚಿದ್ದಳು. ಕಿವಿ ಮಾತ್ರ ಎಚ್ಚರವಾಗಿತ್ತು.

"ಗೈಡ್ ಬರೆದಿದ್ದಾರೆ" ಎಂದ ಶುಕೂರ್. "ಹೆಸರನ್ನು ಹಾಡಿನ ಮೇಲೆ ಹಾಕಿದ್ದಕ್ಕೆ, ಇದು ಯಾವ ದೇಶದ ಕ್ರಮ ಅಂತ ಬೈದಿದ್ದಾರೆ. ಆದ್ರೆ ಮೂಲ ಇಷ್ಟು ಗಟ್ಟಿ ಇರುವಾಗ ಬೇಡ ಅನ್ಲಿಕ್ಕೆ ಆಗುವುದಿಲ್ಲ, ಮುಂದುವರಿಸು ಅಂದಿದ್ದಾರೆ."

"ಒಳ್ಳೆಯದಾಯ್ತು."

ಜಗಳವಿಲ್ಲದೆ ಹೇಗೆ ಮಾತಾಡುವುದೆಂದು ಇಬ್ಬರಿಗೂ ತಿಳಿಯದು.

"ಮುನ್ನುಡಿಯಲ್ಲಿ ನಿಮ್ಮ ಹೆಸರು ಬರೀಬೇಕು" ಎಂದ ಅವನು. "ಹೇಗೆ ಬರೀಲಿ?"

"ನಬೀಸಾ, ಬಂಟ್ವಾಳ. ಅಷ್ಟೇ ಸಾಕು."

"ಅಚ್ಚಾಗುವಾಗ ಒಂದು ವರ್ಷ ಆಗ್ಬಹುದು. ಅಷ್ಟರಲ್ಲಿ ಏನಾದ್ರೂ... ಬದಲಾಗ್ಲಿಕ್ಕೆ ಉಂಟಾ ಅಂತ ಕೇಳಿದ್ದು."

ನಬೀಸಾಳ ಕೆನ್ನೆ ಬಿಸಿಯಾಯಿತು. ಅವಳು ರಸ್ತೆಯ ಕಡೆಗೆ ನೋಡಿದಳು.

"ಹೆಸರು ಬದಲಾಗುವುದಿಲ್ಲ" ಎಂದಳು. "ಊರು ಬದಲಾಗ್ಬಹುದು."

ಅವನು ಒಂದು ಹೆಜ್ಜೆ ಮುಂದೆ ಬಂದ.

"ಯಾವ... ಯಾವ ಊರಿಗೆ?"

"ಅದನ್ನು ನಾನೇ ಹೇಳ್ಬೇಕಾ?"

ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ಬೆಂಚಿನ ಮೇಲೆ ಪಾತುಮ್ಮ ಅಸಹನೆಯಿಂದ ಕೆಮ್ಮಿದಳು.

"ಲಾಯಿಲಕ್ಕೆ ಬರ್ತೀರಾ, ನಬೀಸಾ?" ಅವನು ಮೊದಲ ಸಲ ಹೆಸರು ಹಿಡಿದು ಕರೆದ. "ನನ್ನ ಮನೆಗೆ... ನಿಮಗೆ ಇಷ್ಟ ಉಂಟಾದ್ರೆ ಮಾತ್ರ. ಹನೀಫಾ ಕಾಕರ ಹತ್ತಿರ ಉಮ್ಮನನ್ನು ಮತ್ತೆ ಕಳಿಸ್ತೇನೆ. ಆದ್ರೆ ಮೊದಲು ನೀವು ಹೇಳಿ."

ಅವಳು ಅವನ ಕಡೆಗೆ ತಿರುಗಿದಳು. ಕಣ್ಣಂಚಿನಲ್ಲಿ ನೀರು, ತುಟಿಯಂಚಿನಲ್ಲಿ ನಗು.

"ಅಲ್ಲಿಯೂ ಜಗಳ ಮಾಡ್ತೇನೆ."

"ಗೊತ್ತುಂಟು."

"ದಿನಾ ಮಾಡ್ತೇನೆ."

"ಬನ್ನಿ" ಎಂದ ಶುಕೂರ್. "ದಿನಾ ಬೇಕು ನನಗೆ."